ಹೋಗೋ ಬತ್ತೀನಿ, ಬರೋ ಬತ್ತೀನಿ

ಚನ್ನಪಟ್ಟಣದ ಪಾತ್ರೆ ಅಂಗಡಿಯಲ್ಲಿ ಆರು ಸ್ಟೀಲ್ ಲೋಟ ಆರಿಸಿಟ್ಟ ಮೇಲೆ ಅಂಗಡಿಯವರು ಹೆಸರು ಕೊರೆಯುವ ಮೆಷಿನ್ನಿನ ಪ್ಲಗ್ ಸಿಕ್ಕಿಸಿ, ಏನಂತ ಹಾಕಲಿ ಎಂದು ಕೇಳಿದರು. ಲೋಟ ಕೊಂಡ ವಿದೇಶಿ ಮೇಡಂಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ವಿವರಿಸಿದೆ: ನಮ್ಮ ಕಡೆ ಪಾತ್ರೆಗೆ ಮನೆಯವರ ಹೆಸರು ಹಾಕಿಸುತ್ತಾರೆ, ಅಕ್ಕಪಕ್ಕದವರು ಎರವಲು ಒಯ್ದರೆ ಅದು ಮತ್ತೆ ಅದೇ ಮನೆಗೆ ಬರಬೇಕಲ್ಲ, ಅದಕ್ಕೆ. ಆಕೆ ಲೋಟವೊಂದನ್ನು ತಿರುಗಿಸಿ ನೋಡುತ್ತಾ ಯೋಚಿಸಿದರು. ಬೇಡ, ಇವು ಮನೆಗೆ ಬಂದವರಿಗೆ ಟೀ ಕೊಡುವುದಕ್ಕೆ, ಯಾರು ಬಂದರೆ ಅವರ ಲೋಟ ಎಂದರು. ಅಂಗಡಿಯವರು ಪ್ಲಗ್ ಕಿತ್ತು, ನನ್ನ ಕಡೆ ತಿರುಗಿ ಮೆಲ್ಲಗೆ, "ಎಸ್ರಿಲ್ದಿದ್ ಪಾತ್ರೆ ಓದ್ರೆ ಬರಾಕಿಲ್ಲ ಸಾ" ಎಂದರು. ನಾನು ಅದನ್ನು ಅನುವಾದಿಸಲಿಲ್ಲ. ಅನುವಾದಿಸಬೇಕಿತ್ತೇ ಎಂದು ಬಸ್ಸಿನಲ್ಲಿ ಊರು ಬರುವವರೆಗೂ ಚಿಂತಿಸಿದೆ. ಇಂಥದ್ದಕ್ಕೆಲ್ಲ ಚಿಂತಿಸುವುದು ನನ್ನ ಹುಟ್ಟುಗುಣ. ವಯಸ್ಸು ನಲವತ್ತೊಂಬತ್ತು, ಇನ್ನು ಹೋಗುವ ಲಕ್ಷಣವಿಲ್ಲ.

ಆಕೆ ಮತ್ತು ಆಕೆಯ ಗಂಡ ಆ ಜೂನಿನಲ್ಲಿ ನಮ್ಮ ಶಾಲೆಗೆ ಬಂದಿದ್ದ ವಿದೇಶಿ ಮೇಷ್ಟ್ರುಗಳು. ಸ್ಕಾಟ್ಲೆಂಡಿನವರು, ಇಬ್ಬರಿಗೂ ಐವತ್ತೈದರ ಮೇಲೆ. ಆಕೆ ಇಂಗ್ಲಿಷ್, ಆತ ಗಣಿತ. ಥಾಯ್ಲೆಂಡ್, ಕಾಂಬೋಡಿಯಾ, ನೇಪಾಳ ಅಂತ ಏಷ್ಯಾದಲ್ಲೇ ಪಾಠ ಹೇಳಿಕೊಂಡು ಬಂದವರು. ಎಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಇದ್ದವರಲ್ಲ. ಹೊರಡುವ ವಾರ ಪಾತ್ರೆಪಡಗವನ್ನೆಲ್ಲ ನೆರೆಯವರಿಗೆ ಹಂಚಿ, ತಂದ ಎರಡು ಸೂಟ್‌ಕೇಸಿನಲ್ಲೇ ವಾಪಸಾಗುವುದು ತಮ್ಮ ಪದ್ಧತಿ ಎಂದು ಮೊದಲ ದಿನವೇ ಹೇಳಿದ್ದರು. ಅದನ್ನು ಕೇಳಿ ನಮ್ಮ ಪ್ರಿನ್ಸಿಪಾಲರ ಮುಖ ಸಣ್ಣಗಾಯಿತು. ಬೈರಾಪಟ್ಟಣದ ದಾರಿಯಲ್ಲಿ, ಹೊಲಗಳ ನಡುವೆ ಇರುವ ನಮ್ಮಂಥ ಶಾಲೆಗೆ ಇಂಥವರು ಸಿಗುವುದೇ ಕಷ್ಟ; ಒಂದೇ ವರ್ಷಕ್ಕೆ ಹೋಗಿಬಿಟ್ಟರೆ ಮಕ್ಕಳು ಅವರ ಉಚ್ಚಾರಣೆಗೆ ಕಿವಿ ಹೊಂದಿಸಿಕೊಳ್ಳುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಕನ್ನಡ ಮೇಷ್ಟ್ರಾದ ನನ್ನನ್ನು ಕರೆದು ಅವರು ಹೇಳಿದ್ದು ಇಷ್ಟೇ: "ನೀವು ಹೇಗೂ ಎಲ್ಲದಕ್ಕೂ ಚಿಂತೆ ಮಾಡ್ತೀರಿ. ಇವರದ್ದನ್ನೂ ಸೇರಿಸ್ಕೊಳ್ಳಿ. ಎರಡನೇ ವರ್ಷಕ್ಕೂ ಇವರು ಉಳೀಬೇಕು."

ಹಾಗೆ ನಾನು ಅವರ ಉಸ್ತುವಾರಿಯಾದೆ. ಮನೆ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ವಿದೇಶಿಯರ ಬಗ್ಗೆ ತುಂಬಬೇಕಾದ ಫಾರಂ, ಆಮೇಲೆ ವಾಸದ ನೋಂದಣಿ, ಫೋನಿಗೆ ಸಿಮ್ಮು, ಅಡುಗೆ ಗ್ಯಾಸು, ಹೀಗೆ ಒಂದೊಂದಕ್ಕೂ ಒಂದೊಂದು ಫೈಲು ಮಾಡಿದೆ. ಪಾಸ್‌ಪೋರ್ಟಿನ ಜೆರಾಕ್ಸ್ ನಾಲ್ಕು ಪ್ರತಿ: ಒಂದು ಶಾಲೆಯಲ್ಲಿ, ಒಂದು ಅವರ ಮನೆಯಲ್ಲಿ, ಒಂದು ನನ್ನ ಚೀಲದಲ್ಲಿ, ಇನ್ನೊಂದು ಹೆಂಡತಿಗೆ ಹೇಳದೆ ನಮ್ಮ ಮನೆಯ ಅಕ್ಕಿ ಡಬ್ಬಿಯ ಕೆಳಗೆ. ಅವರಿಗೆ ಕೊಟ್ಟ ಮನೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡ ಒಂಟಿ ಮನೆ. ಮುಂದೆ ಜಗಲಿ, ಕಬ್ಬಿಣದ ಗೇಟು, ಗೇಟಿನ ಮುಂದೆ ಊರಿನ ರಸ್ತೆ, ಇಪ್ಪತ್ತು ಹೆಜ್ಜೆ ಆಚೆಗೆ ಒಂದು ಹೊಂಗೆ ಮರ.

ಇದಲ್ಲದೆ ಅವರಿಗೆ ಕನ್ನಡ ಕಲಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಇನ್ನೂರು ಪುಟದ ನೋಟ್‌ಬುಕ್ ತಂದು, ಕೆಂಪು ನೀಲಿ ಎರಡು ಶಾಯಿಯಲ್ಲಿ, ಕ್ರಿಯಾಪದಗಳನ್ನು ಮೂರು ಕಾಲದಲ್ಲಿ ಸಾಲಾಗಿ ಬರೆದೆ. ಬಂದೆ, ಬರುತ್ತೇನೆ, ಬರುವೆನು. ಎದುರಿಗೆ ಇಂಗ್ಲಿಷ್ ಅರ್ಥ. 'ಬರುವೆನು' ಎಂದು ಈ ತಾಲ್ಲೂಕಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಕೋಷ್ಟಕ ಖಾಲಿ ಬಿಡಲು ಮನಸ್ಸು ಬರಲಿಲ್ಲ. 'ಬರುತ್ತೇನೆ' ಎಂಬುದರ ಪಕ್ಕದಲ್ಲಿ 'ಈ ಭಾಗದ ಜನ ಬತ್ತೀನಿ ಎನ್ನುತ್ತಾರೆ' ಎಂದು ಸಣ್ಣಗೆ ಷರಾ ಬರೆದು, ಆಡುಮಾತಿಗೂ ನ್ಯಾಯ ಒದಗಿಸಿದೆನೆಂದು ಬೀಗಿದೆ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಐದಕ್ಕೆ ಪಾಠ. ಮುಗಿದ ಮೇಲೆ "ಬರುತ್ತೇನೆ" ಎಂದು ಹೇಳಿ ಸ್ಕೂಟರ್ ಹತ್ತುತ್ತಿದ್ದೆ. ಮುಂದಿನ ಪಾಠಕ್ಕೆ ಸರಿಯಾಗಿ ಐದಕ್ಕೆ ಐದು ನಿಮಿಷ ಇರುವಾಗ ಬರುತ್ತಿದ್ದೆ. ಇದನ್ನು ನೆನಪಿಡಿ, ಆಗಿದ್ದಕ್ಕೆಲ್ಲ ಅರ್ಧ ಕಾರಣ ಇದೇ.

ಭಾನುವಾರಗಳು ಸುತ್ತಮುತ್ತಲ ಊರು ತೋರಿಸುವುದಕ್ಕೆ. ಒಂದೊಂದು ಪ್ರವಾಸಕ್ಕೂ ಒಂದೊಂದು ಹಾಳೆ ತಯಾರಿಸುತ್ತಿದ್ದೆ: ಬಸ್ಸು ಎಷ್ಟಕ್ಕೆ, ಶೌಚಾಲಯ ಎಲ್ಲಿ, ನೆರಳು ಎಲ್ಲಿ, ಹತ್ತಿರದ ಆಸ್ಪತ್ರೆ ಯಾವುದು. ರಾಮನಗರದ ಬೆಟ್ಟದಲ್ಲಿ ಅವರಿಬ್ಬರೂ ತಲೆಯೆತ್ತಿ ರಣಹದ್ದು ಹುಡುಕುತ್ತಿದ್ದರೆ ನಾನು ಬಂಡೆಗೆ ಕಟ್ಟಿದ ಹೆಜ್ಜೇನು ಎಣಿಸುತ್ತಾ ನಿಂತಿದ್ದೆ. ಮಾಗಡಿಯ ಕಡೆ ಹೋದಾಗ ಗಂಡ ಸಾವನದುರ್ಗ ಹತ್ತಿದರು. ನಾನು ಹತ್ತುವವನಲ್ಲ. ಓಆರ್‌ಎಸ್ ಪೊಟ್ಟಣ ಹಿಡಿದು ಕೆಳಗೆ ನಿಂತು, ಇಳಿದು ಬಂದವರನ್ನೆಲ್ಲ ಬಿಳಿ ಸಾಹೇಬರು ಕಂಡರಾ ಎಂದು ವಿಚಾರಿಸಿದೆ. "ಒಸಿ ಮೇಲವ್ರೆ" ಎಂದರು ಒಬ್ಬರು. ಒಂದು ಗಂಟೆ ಬಿಟ್ಟು ಇಳಿದವರೂ "ಒಸಿ ಮೇಲವ್ರೆ" ಎಂದರು. ಆ ದಿನ ಒಂದು 'ಒಸಿ' ಇಡೀ ಬೆಟ್ಟದ ಎತ್ತರ ಇತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಗೆ ಕರೆದೊಯ್ದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಬಣ್ಣ ಹತ್ತುತ್ತದೆ, ಮೇಲೆ ಒಣ ತಾಳೆಗರಿ ಹಿಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ಗಣಿತದ ಮೇಷ್ಟ್ರು ಮೂರು ಗಂಟೆ ಅಲ್ಲಿಂದ ಏಳಲಿಲ್ಲ. ತಾವೇ ಒಂದು ಬುಗುರಿ ಕಡೆದರು. ಅದು ತಿರುಗಲಿಲ್ಲ, ಉರುಳಿತು. ಅದನ್ನು ತರಗತಿಯಲ್ಲಿ ಗುರುತ್ವ ಕೇಂದ್ರ ತಪ್ಪಿದ್ದಕ್ಕೆ ಉದಾಹರಣೆಯಾಗಿ ತೋರಿಸಿದರಂತೆ. ಮಕ್ಕಳು ಅವತ್ತಿನಿಂದ ಅವರನ್ನು ಬುಗುರಿ ಸಾರ್ ಅಂದರು.

ಇಲ್ಲಿ ಹೇಳಲೇಬೇಕಾದ ಪ್ರವಾಸ ಕನಕಪುರದ ಕಡೆಯ ಸಂಗಮದ್ದು. ಹೊಳೆ ದಾಟಿಸಿದ ತೆಪ್ಪದವನು ನಮ್ಮನ್ನು ಆಚೆ ದಡದಲ್ಲಿ ಇಳಿಸಿ, "ಬತ್ತೀನಿ ಇರಿ" ಎಂದು ಬೇರೆಯವರನ್ನು ಕರೆತರಲು ಹೋದ. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ನಾನು ಕತ್ತಲಾದರೆ ಏನು ಗತಿ ಎಂದು ದಡದುದ್ದಕ್ಕೂ ಓಡಾಡತೊಡಗಿದೆ. ಆಕೆ ಮಾತ್ರ ಕಲ್ಲಿನ ಮೇಲೆ ಕೂತು, ಆತ ಬರುತ್ತೇನೆ ಎಂದು ಹೇಳಿದ್ದಾನಲ್ಲ, ಬರುತ್ತಾನೆ ಎಂದರು. ಬಂದ. ಆಕೆ ನೋಟ್‌ಬುಕ್ ತೆಗೆದು ಆ ಪದದ ಪಕ್ಕ ಒಂದು ಸರಿ ಗುರುತು ಹಾಕಿದರು. ಪಾಠ ನಾಟಿದೆ ಎಂದು ನನಗೆ ಹೆಮ್ಮೆ.

ಅಕ್ಟೋಬರ್ ಕಳೆಯುವ ಹೊತ್ತಿಗೆ ಬುಗುರಿ ಸಾರ್ ಕಣ್ಣು ಕೆಂಪಾಗತೊಡಗಿತು. ನಿದ್ದೆ ಬರುತ್ತಿಲ್ಲ, ಎದೆ ಡವಡವ ಎನ್ನುತ್ತದೆ ಎಂದರು. ನನಗೆ ಅವರಿಗಿಂತ ಹೆಚ್ಚು ಡವಡವ. ರಾಮನಗರದ ಡಾಕ್ಟರ ಹತ್ತಿರ ಕರೆದೊಯ್ದು, ರಕ್ತ, ಇಸಿಜಿ ಎಲ್ಲ ಮಾಡಿಸಿದೆ. ಎಲ್ಲ ಸರಿಯಿತ್ತು. ಟೀ ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ, ಹೆಂಡತಿ ಕೊಟ್ಟಷ್ಟು ಎಂದರು ಆ ಪುಣ್ಯಾತ್ಮ. ಡಾಕ್ಟರು ನಕ್ಕರು, ನಾನೂ ನಕ್ಕೆ. ಎಷ್ಟು ಕೊಡುತ್ತಾರೆ ಎಂದು ಇಬ್ಬರೂ ಕೇಳಲಿಲ್ಲ.

ಅದು ಗೊತ್ತಾದದ್ದು ನವೆಂಬರಿನ ಒಂದು ಬುಧವಾರ. ಪಾಠದ ದಿನವಲ್ಲ. ಕರೆಂಟ್ ಬಿಲ್ಲು ಕೊಡಲೆಂದು ಸಂಜೆ ಆರಕ್ಕೆ ಅವರ ಮನೆಗೆ ಹೋದೆ. ಕಿಟಕಿಯ ಹಲಗೆಯ ಮೇಲೆ ತಟ್ಟೆಯಲ್ಲಿ ಆ ಆರು ಲೋಟಗಳು ಬೋರಲಾಗಿದ್ದವು. ಪಕ್ಕದಲ್ಲಿ ಮುಚ್ಚಿಟ್ಟ ಟೀ ಪಾತ್ರೆ, ಒಂದು ತಟ್ಟೆ ಬಿಸ್ಕತ್ತು. ನನಗೇ ಇರಬೇಕೆಂದು ಆರಾಮಾಗಿ ಕುರ್ಚಿ ಎಳೆದುಕೊಂಡೆ. ಆಕೆ ಸಂಕೋಚದಿಂದ, ಇದು ಬೇರೆಯವರಿಗೆ ಎಂದರು. ಯಾರಿಗೆ ಎಂದರೆ ಗೇಟಿನ ಕಡೆ ಕೈ ತೋರಿಸಿದರು. ಗೇಟಿನಲ್ಲಿ ಯಾರೂ ಇರಲಿಲ್ಲ.

ಊರಿನ ಐದಾರು ಹೆಂಗಸರು ದಿನಾ ಸಂಜೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಆ ದಾರಿಯಲ್ಲೇ ವಾಪಸಾಗುತ್ತಾರೆ. ಗೇಟಿನ ಹತ್ತಿರ ನಿಂತು ಆಕೆಯನ್ನು ಮಾತಾಡಿಸುತ್ತಾರೆ. ಊಟ ಆಯ್ತಾ, ಏನು ಸಾರು, ಕೂದಲಿಗೆ ಎಣ್ಣೆ ಯಾಕೆ ಹಾಕಲ್ಲ, ಹೀಗೆ. ಆಕೆ ತನಗೆ ಬರುವ ನಾಲ್ಕು ಮಾತು ಆಡುತ್ತಾರೆ. ಆಮೇಲೆ ಅವರೆಲ್ಲ "ಬತ್ತೀವಿ ಮಿಸ್ಸೇ" ಎಂದು ಹೊರಡುತ್ತಾರೆ. ಆಕೆ ಒಳಗೆ ಓಡಿ ಟೀಗೆ ಇಡುತ್ತಾರೆ.

ನನಗೆ ಮೊದಲು ಬಂದದ್ದು ನಗು. ಅದೊಂದು ತಪ್ಪು ನನ್ನ ಲೆಕ್ಕಕ್ಕೇ ಇರಲಿ. ಎಷ್ಟು ದಿನದಿಂದ ಎಂದು ಕೇಳಿದೆ. ಆರು ವಾರ ಎಂದರು. ದಿನಾ ಏಳು ಗಂಟೆಯವರೆಗೆ ಕಾಯುತ್ತಾರೆ, ಬಾರದಿದ್ದರೆ ಗಂಡ ಚೆಲ್ಲಬಾರದೆಂದು ಅಷ್ಟೂ ಟೀ ತಾವೇ ಕುಡಿಯುತ್ತಾರೆ. ಇಸಿಜಿ ಯಂತ್ರ ಹುಡುಕಿದರೂ ಸಿಗದ ರೋಗ ತಟ್ಟೆಯ ಮೇಲೆ ಸಾಲಾಗಿ ಕೂತಿತ್ತು.

"ಇಲ್ಲಿ ಬರುತ್ತೇನೆ ಎಂದು ಹೇಳಿ ಬರುವ ಮನುಷ್ಯ ನೀವೊಬ್ಬರೇ" ಎಂದರು ಆಕೆ. ಕನ್ನಡದಲ್ಲೇ ಹೇಳಿದರು, ನನ್ನ ಕೋಷ್ಟಕದ ಕನ್ನಡದಲ್ಲಿ, ಒಂದು ಪ್ರತ್ಯಯವೂ ತಪ್ಪದೆ.

ನಾನು ವಿವರಿಸಿದೆ. ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನಬಾರದು, ಅದು ಅಶುಭ. ಒಂದೇ ಸಲ ಹೋಗಿಬಿಟ್ಟಂತೆ. ಅದಕ್ಕೆ ಹೋಗುವವರೆಲ್ಲ ಬರುತ್ತೇನೆ ಎನ್ನುತ್ತಾರೆ. ಹಾಗಾದರೆ ತೆಪ್ಪದವನು ಎಂದು ಕೇಳಿದರು. ಆತ "ಇರಿ" ಎಂದೂ ಸೇರಿಸಿದ್ದ, ಇರಿ ಎಂದರೆ ಕಾಯಬೇಕು ಎಂದೆ. ಹಾಗಾದರೆ ಗೇಟು ಬಡಿದಾಗ ನಿಮ್ಮ ಹೆಂಡತಿ ಒಳಗಿನಿಂದ ಕೂಗುವ "ಬಂದೆ"? ಅದು ಭೂತಕಾಲ, ಆದರೆ ಇನ್ನೂ ಬಂದಿಲ್ಲ, ಈಗ ಬರುತ್ತಾರೆ ಎಂದು ಅರ್ಥ ಎಂದೆ. ನನ್ನ ಬಾಯಿಂದಲೇ ಈ ಮಾತು ಹೊರಬರುತ್ತಿದ್ದಂತೆ ಕನ್ನಡ ಮೇಷ್ಟ್ರಿಗೆ ಬೆವರು ಬಂತು. ಬಂದೆ ಎಂದರೆ ಬಂದಿಲ್ಲ, ಬರುತ್ತೇನೆ ಎಂದರೆ ಹೋಗುತ್ತೇನೆ. ಇಪ್ಪತ್ತೈದು ವರ್ಷ ಕಾಲಗಳನ್ನು ಕಲಿಸಿದ್ದೇನೆ. ಇದನ್ನು ಒಂದು ಸಲವೂ ನೋಡಿರಲಿಲ್ಲ.

ಆಕೆ ನಗಲಿಲ್ಲ. ನೋಟ್‌ಬುಕ್ ತಂದು ನಾನು ಮುತ್ತು ಪೋಣಿಸಿದಂತೆ ಬರೆದ ಪುಟ ತೆರೆದು ಮುಂದಿಟ್ಟರು. ಸರಿ ಗುರುತು ಹಾಗೇ ಇತ್ತು. ಇಲ್ಲಿನ ಜನ ಎದುರಿಗೆ ಚೆನ್ನಾಗಿ ಮಾತಾಡಿ ಮಾತು ತಪ್ಪುತ್ತಾರೆ ಎಂದು ಸ್ಕಾಟ್ಲೆಂಡಿನಲ್ಲಿರುವ ನಮ್ಮ ಅಕ್ಕನಿಗೆ ಪತ್ರ ಬರೆದುಬಿಟ್ಟಿದ್ದೇನೆ ಎಂದರು. ಇನ್ನೊಂದು ವಿಷಯವನ್ನೂ ಹೇಳಿದರು. ವಿಯೆಟ್ನಾಮಿನ ಒಂದು ಶಾಲೆಯಿಂದ ಕರೆ ಬಂದಿದೆ. ಬರುವ ಜೂನಿನಿಂದ. ಬಹುತೇಕ ಒಪ್ಪಿದ್ದೇವೆ, ಫೆಬ್ರವರಿಯೊಳಗೆ ಖಚಿತ ಮಾಡಬೇಕು. ಯಾರೂ ನಮ್ಮನ್ನು ಬಯಸಿದಂತೆ ಕಾಣಲಿಲ್ಲ, ಅದಕ್ಕೆ. ಈಗ ನೀವು ಹೇಳಿದ್ದರಿಂದ ಅವರು ಸುಳ್ಳರಲ್ಲ ಎಂದು ಗೊತ್ತಾಯಿತು. ಆದರೆ ಅವರು ನನ್ನ ಮನೆಗೆ ಬರಬೇಕು ಅಂದುಕೊಂಡೇ ಇರಲಿಲ್ಲ ಎಂದೂ ಗೊತ್ತಾಯಿತು, ಅಲ್ಲವೇ?

ಎದ್ದು ಬಾಗಿಲಿಗೆ ಬಂದೆ. "ಬರುತ್ತೇನೆ" ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಏನೂ ಹೇಳದೆ ಸ್ಕೂಟರ್ ಹತ್ತಿದೆ, ಕರೆಂಟ್ ಬಿಲ್ಲು ಜೇಬಿನಲ್ಲೇ ಉಳಿಯಿತು.

ಮನೆಗೆ ಬಂದು ಮಾಡಿದ ಮೊದಲ ಕೆಲಸ ಒಂದು ತಿದ್ದುಪಡಿ ಕೋಷ್ಟಕ. 'ಬತ್ತೀನಿ' ಎಂಬುದರ ಐದು ಅರ್ಥಗಳು, ಸಂದರ್ಭಸಹಿತ. ಅರ್ಧ ಬರೆದ ಮೇಲೆ ಹೆಂಡತಿ ಹೆಗಲ ಮೇಲಿಂದ ಇಣುಕಿ, "ಇದನ್ನ ಓದಿದ್ರೆ ಅವ್ರು ಜೂನ್‌ವರೆಗೂ ಕಾಯಲ್ಲ, ನಾಳೆನೇ ಹೊರಡ್ತಾರೆ" ಎಂದಳು. ಪೆನ್ನು ಕೆಳಗಿಟ್ಟೆ. ಇನ್ನಷ್ಟು ವ್ಯಾಕರಣದಿಂದ ಸರಿಹೋಗುವ ಕೇಡಲ್ಲ ಇದು, ವ್ಯಾಕರಣದಿಂದಲೇ ಆದದ್ದು. ಈ ಪಾಠ ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗಬೇಕು ಎಂದು ತೀರ್ಮಾನಿಸಿದೆ. ಇಪ್ಪತ್ತೈದು ವರ್ಷದ ಮೇಷ್ಟ್ರಿಗೆ ಇದು ಸಣ್ಣ ಮಾತಲ್ಲ. ಎರಡು ಸಲ ತೀರ್ಮಾನಿಸಬೇಕಾಯಿತು.

ಮರುದಿನ ಶಾಲೆಯ ಅಡುಗೆಮನೆಗೆ ಹೋದೆ. ಅಲ್ಲಿನ ಯಜಮಾನತಿಯನ್ನು ನಾವೆಲ್ಲ ಅಡುಗೆ ಅಕ್ಕ ಎನ್ನುತ್ತೇವೆ. ಅದೇ ಊರಿನವರು, ಸಂಜೆ ಡೈರಿಗೆ ಹಾಲು ಹಾಕುವವರಲ್ಲಿ ಅವರೂ ಒಬ್ಬರು. ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿತಕುತ್ತಿದ್ದರು. ನಾನು ಪಕ್ಕದಲ್ಲಿ ಚೀಲದ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ. ಅವರ ಕೈ ನಿಂತಿತು.

"ಆರ್ ವಾರದಿಂದ್ಲಾ?"

"ಹ್ಞೂಂ."

"ದಿನಾನೂ ಆರ್ ಲೋಟ ಜೋಡ್ಸಿಟ್ಟು?"

"ದಿನಾ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನಾವು ಗೇಟ್ನಾಗೆ ನಿಂತ್ಕತಿದ್ದುದ್ದು ಅವ್ರು ಒಳೀಕೆ ಬನ್ನಿ ಅಂತ ಒಂದ್ ಮಾತ್ ಅನ್ಲಿ ಅಂತ ಕಣ್ ಮೇಷ್ಟ್ರೇ. ಅವ್ರು ಅನ್ನಲೇ ಇಲ್ಲ. ಬಿಳೀ ಜನ, ಮನೆ ಒಳೀಕೆ ಸೇರ್ಸಕಿಲ್ಲ ಅಂದ್ಕಂಡೊ." ಮತ್ತೆ ನನ್ನ ಕಡೆ ತಿರುಗಿದರು. "ನೀವೇ ಅಲ್ವಾ ಅವ್ರಿಗೆ ಏಳ್ಕೊಡದು?"

'ಒಳಗೆ ಬನ್ನಿ' ಎಂಬ ವಾಕ್ಯ ನನ್ನ ನೋಟ್‌ಬುಕ್ಕಿನಲ್ಲಿ ನೂರ ಹತ್ತನೇ ಪುಟದಲ್ಲಿತ್ತು. ವಿಧ್ಯರ್ಥಕ ರೂಪಗಳು, ಎರಡನೇ ವರ್ಷದ ಪಾಠ. ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಇನ್ನು ಮುಂದೆ ಕನ್ನಡ ನೀವೇ ಕಲಿಸಬೇಕು ಎಂದಷ್ಟೇ ಕೇಳಿಕೊಂಡೆ. ತಾನು ಓದಿರುವುದು ನಾಲ್ಕನೇ ಕ್ಲಾಸು ಎಂದರು. ಅದೇ ಬೇಕಾಗಿರುವುದು ಎಂದೆ. ಇನ್ನೂ ಒಂದು ಬೇಡಿಕೆ ಇತ್ತು: ಆರು ವಾರದ ಕಥೆಯನ್ನು ಬೇರೆ ಹೆಂಗಸರಿಗೆ ಹೇಳಬೇಡಿ, ನಾಚಿಕೆಯಿಂದ ಅವರು ಆ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಅಕ್ಕ ಮೊರ ಕುಲುಕಿ, ನೋಡೋಣ ಬಿಡಿ ಎಂದರು. ಆ 'ನೋಡೋಣ'ದ ಅರ್ಥ ಏನಿರಬಹುದೆಂದು ಸಂಜೆಯವರೆಗೂ ಚಿಂತಿಸಿದೆ.

ಅವತ್ತು ಗುರುವಾರ, ಪಾಠದ ದಿನ. ಆದರೆ ಒಳಗೆ ಹೋಗಲು ಧೈರ್ಯ ಸಾಲದೆ ಕಾಂಪೌಂಡಿನ ಮೂಲೆಯಲ್ಲಿ ಸ್ಕೂಟರಿನ ಪ್ಲಗ್ ಬಿಚ್ಚಿ ಒರೆಸುತ್ತಾ ನಿಂತಿದ್ದೆ. ಪ್ಲಗ್ ಚೆನ್ನಾಗಿಯೇ ಇತ್ತು. ಹೆಂಗಸರು ಬಂದರು, ಗೇಟಿನಲ್ಲಿ ನಿಂತರು. ಆಕೆ ಜಗಲಿಯ ಮೇಲಿನಿಂದಲೇ ಮಾತಾಡಿದರು, ಇಳಿದು ಬರಲಿಲ್ಲ. ಮಾತು ಬೇಗ ಮುಗಿಯಿತು. "ಬತ್ತೀವಿ ಮಿಸ್ಸೇ" ಎಂದರು ಎಲ್ಲರೂ. ಆಕೆ ತಲೆಯಾಡಿಸಿದರು. ಈ ಸಲ ಒಳಗೆ ಓಡಲಿಲ್ಲ.

ಗುಂಪು ಹೊಂಗೆ ಮರದವರೆಗೆ ಹೋಯಿತು. ಅಲ್ಲಿ ಅಡುಗೆ ಅಕ್ಕ ನಿಂತರು, ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು, ತಿರುಗಿದರು. ನೇರ ವಾಪಸು ಬಂದು ಗೇಟಿನ ಅಗುಳಿ ಎತ್ತಿ ಒಳಗೆ ಕಾಲಿಟ್ಟರು.

"ಬಂದ್ವಿ ಮಿಸ್ಸೇ. ಟೀ ಐತಾ?"

ಮಿಕ್ಕವರು ಮರದ ಕೆಳಗೆ ಕಕ್ಕಾಬಿಕ್ಕಿಯಾದರು. ಅಸ ಕಟ್ಟಬೇಕು ಕಣಮ್ಮಿ ಎಂದು ಒಬ್ಬಾಕೆ ಕೂಗಿದರೆ, ನಿನ್ ಗಂಡನಿಗೆ ಕೈ ಇಲ್ವಾ, ಕಟ್ಟಾನೆ ಬಾ ಎಂದು ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟರು. ಒಬ್ಬೊಬ್ಬರಾಗಿ ಬಂದರು. ಗೇಟಿನ ಹತ್ತಿರ ಚಪ್ಪಲಿಯ ರಾಶಿಯಾಯಿತು.

ಅಂದು ಮಾತ್ರ ಟೀ ಮಾಡಿರಲಿಲ್ಲ. ಲೋಟಗಳು ಬೀರುವಿನೊಳಗೆ ಹೋಗಿದ್ದವು. ಆಕೆ ಗಡಿಬಿಡಿಯಲ್ಲಿ ನೀರಿಟ್ಟು ನೋಡಿದರೆ ಮನೆಯಲ್ಲಿ ಹಾಲಿಲ್ಲ. ಹಾಲು ಹಾಕಿ ಬಂದ ಆರು ಜನರ ಕ್ಯಾನುಗಳಲ್ಲೂ ಒಂದು ತೊಟ್ಟಿಲ್ಲ. ಕರೀ ಟೀ ಕುಡಿಯುವ ಮಾತೇ ಇಲ್ಲ. ಅವರಲ್ಲಿ ಚಿಕ್ಕವಳೊಬ್ಬಳು, "ನಮ್ಮನೇಲಿ ಐತೆ, ಬಂದೆ ಇರಿ" ಎಂದು ಗೇಟು ದಾಟಿ ಓಡಿದಳು.

ಆಕೆ ಜಗಲಿಯ ಕಂಬ ಹಿಡಿದು ನಿಂತು ಗೇಟನ್ನೇ ನೋಡತೊಡಗಿದರು. ನಾನು ಮೂಲೆಯಲ್ಲಿ ಪ್ಲಗ್ ಹಿಡಿದು ಅದೇ ಗೇಟನ್ನು ನೋಡಿದೆ. ದಾರಿಯಲ್ಲಿ ಆ ಹುಡುಗಿಗೆ ಅತ್ತೆ ಏನಾದರೂ ಕೆಲಸ ಹೇಳಿಬಿಟ್ಟರೆ? ಹಾಲು ಒಡೆದಿದ್ದರೆ? ಏಳೆಂಟು ನಿಮಿಷವಾಗಿರಬೇಕು. ಅವಳು ಬಂದಳು, ಸೆರಗಿನ ಮರೆಯಲ್ಲಿ ಚೊಂಬು ಹಿಡಿದು, ಏದುಸಿರು ಬಿಡುತ್ತಾ. ಆಕೆ ಚೊಂಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮುಖ ಆ ಕಡೆ ತಿರುಗಿಸಿ ಅಡುಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಟೀ ಕುದಿಯುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ.

ಅಲ್ಲಿಂದ ಮುಂದೆ ಚಳಿಗಾಲವೆಲ್ಲ ಆ ಜಗಲಿಯಲ್ಲಿ ಅವರೆಕಾಳು ಹಿತಕುತ್ತಾ ಟೀ ನಡೆಯಿತು. ಬುಗುರಿ ಸಾರ್ ಪಾಲಿಗೆ ಒಂದೇ ಲೋಟ ಉಳಿದು ನಿದ್ದೆ ಮರಳಿತು. ನನ್ನ ನೋಟ್‌ಬುಕ್ ಕುದಿವ ಪಾತ್ರೆ ಇಳಿಸಿಡುವ ಮಣೆಯಾಯಿತು. ಅದರ ರಟ್ಟಿನ ಮೇಲಿನ ದುಂಡು ಕಲೆಯನ್ನು ನೋಡಿದಾಗಲೆಲ್ಲ ಸಣ್ಣಗೆ ಹೊಟ್ಟೆ ಉರಿಯುತ್ತಿತ್ತು. ಆಕೆಯ ಕನ್ನಡ ಕುದುರೆಯಂತೆ ಓಡಿತು, ನಾನು ಕಲಿಸಿದ ದಿಕ್ಕಿಗಲ್ಲ. ಶಾಲೆ ನೋಡಲು ಬಂದ ಅಧಿಕಾರಿಗಳು ಊಟವಾಯಿತೇ ಎಂದು ಕೇಳಿದ್ದಕ್ಕೆ "ಆಗೈತೆ, ನಿಮ್ದು?" ಎಂದುಬಿಟ್ಟರು. ಅಧಿಕಾರಿಗಳು ಖುಷಿಯಾದರು, ನಾನು ಕಂಬದ ಹಿಂದೆ ಸರಿದೆ. ಗಂಡನದು ಮಾತ್ರ ಕಡೆಗೂ ಕೋಷ್ಟಕದ ಕನ್ನಡ. ಒಮ್ಮೆ ಅಡುಗೆ ಅಕ್ಕನ ಮನೆಯಲ್ಲಿ ಮುದ್ದೆ ಉಂಡು, ಎದ್ದು ಕೈಮುಗಿದು, "ನಾನು ಹೋಗುತ್ತೇನೆ" ಎಂದರು. ಅಕ್ಕ ಅವರನ್ನು ಹೊಸ್ತಿಲಿನಿಂದ ವಾಪಸು ಒಳಗೆ ಕರೆದು, ಮಣೆಯ ಮೇಲೆ ಕೂರಿಸಿ, ನೀರು ಕೊಟ್ಟು, ಮತ್ತೆ ಎಬ್ಬಿಸಿ, "ಬತ್ತೀನಿ" ಅನ್ನಿಸಿಯೇ ಕಳಿಸಿದರು.

ಇಷ್ಟಾದರೂ ವಿಯೆಟ್ನಾಮಿನ ಮಾತು ಹಾಗೇ ಇತ್ತು. ನಾನು ಕೇಳಲಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಇಬ್ಬರಿಗೂ ಒಂದು ಫಾರಂ ಕೊಟ್ಟರು. ಮುಂದಿನ ವರ್ಷಕ್ಕೆ ಮುಂದುವರಿಯುವಿರಾ? ಹೌದಾದರೆ ಶಾಲೆ ವೀಸಾ ಮುಂದುವರಿಕೆಗೆ ಪತ್ರ ಕೊಡಬೇಕು, ಅದಕ್ಕೆ ಸಮಯ ಬೇಕು. ಒಂದು ಶನಿವಾರ ಮಧ್ಯಾಹ್ನ ಪ್ರಿನ್ಸಿಪಾಲರು ನನ್ನನ್ನು ಕರೆಸಿ, ವಾಪಸು ಬಂದ ಫಾರಂ ಮುಂದೆ ತಳ್ಳಿದರು. ಹೌದು, ಇಲ್ಲ ಎಂಬ ಎರಡು ಚೌಕಗಳೂ ಖಾಲಿ. ಕೆಳಗೆ, ಒಂದನೇ ತರಗತಿ ಮಕ್ಕಳಂತೆ ದಪ್ಪ ದಪ್ಪ ಅಕ್ಷರದಲ್ಲಿ ಒಂದೇ ಪದ ಬರೆದಿತ್ತು: ಬತ್ತೀವಿ.

ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟರು. "ಕನ್ನಡ ಮೇಷ್ಟ್ರು ನೀವು. ಹೇಳಿ. ಇದು ಹೋಗೋ ಬತ್ತೀವೋ, ಬರೋ ಬತ್ತೀವೋ?"

ವಿಚಾರಿಸಿ ಹೇಳುತ್ತೇನೆ ಎಂದು ಎದ್ದೆ. ಅವರ ಮನೆಗೆ ಹೋದರೆ ಬೀಗ. ಇಬ್ಬರೂ ಬೆಳಗಿನ ಶಾಲೆ ಮುಗಿದ ಕೂಡಲೇ ಸೋಲೂರಿನ ಕಡೆ ಯಾರದೋ ತೋಟ ನೋಡಲು ಹೋಗಿದ್ದರು; ಈಗ ನನ್ನ ಹಾಳೆ ಇಲ್ಲದೆ ತಾವೇ ಬಸ್ಸು ಹತ್ತುತ್ತಿದ್ದರು. ಕಿಟಕಿಯಿಂದ ಇಣುಕಿದೆ. ಹಲಗೆಯ ಮೇಲೆ ತಟ್ಟೆ ಇತ್ತು. ತಟ್ಟೆ ಖಾಲಿ. ಒಂದು ಲೋಟವೂ ಇಲ್ಲ.

ಮೊದಲ ದಿನ ಅವರು ಹೇಳಿದ್ದು ನೆನಪಾಯಿತು: ಹೊರಡುವ ಮುಂಚೆ ಪಾತ್ರೆಗಳನ್ನು ನೆರೆಯವರಿಗೆ ಹಂಚುತ್ತೇವೆ. ಕಿಟಕಿಯ ಸರಳು ಹಿಡಿದು ನಿಂತೆ. ವೀಸಾ, ಶಾಲೆ, ಪ್ರಿನ್ಸಿಪಾಲರು ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು, ಇನ್ನು ಅಕ್ಕಿ ಡಬ್ಬಿಯ ಕೆಳಗಿನ ಜೆರಾಕ್ಸ್ ತೆಗೆದುಬಿಡಬಹುದು ಎಂಬ ಮಾತು.

ಅಡುಗೆಮನೆಗೆ ಹೋದೆ. ಅಡುಗೆ ಅಕ್ಕ ಸ್ಟೀಲ್ ಲೋಟದಲ್ಲಿ ಸಾಸಿವೆ ಅಳೆಯುತ್ತಿದ್ದರು. ಲೋಟದ ಗುರುತು ಹತ್ತಿತು.

"ಮಿಸ್ಸು ಕೊಟ್ಟರಾ?"

"ಊಂ ಮತ್ತೆ. ಆರ್ ಜನುಕ್ಕೂ ಒಂದೊಂದು ಕೊಟ್ಟವ್ರೆ, ಮೊನ್ನೆ."

ನಾನು ಚೀಲದ ಮೇಲೆ ಕೂತುಬಿಟ್ಟೆ. ಅಕ್ಕ ನನ್ನ ಮುಖ ನೋಡಿ, ಸಾಸಿವೆ ಸುರಿದು, ಲೋಟ ತಿರುಗಿಸಿ ಬೆಳಕಿಗೆ ಹಿಡಿದರು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಸದಾಗಿ ಕೊರೆದ ಅಕ್ಷರ ಇತ್ತು: ಮಿಸ್ ಮನೆ. ಆಕೆ ಒಬ್ಬರೇ ಚನ್ನಪಟ್ಟಣದ ಅದೇ ಅಂಗಡಿಗೆ ಹೋಗಿ ಆರಕ್ಕೂ ಹಾಕಿಸಿಕೊಂಡು ಬಂದಿದ್ದರು.

"ನಮ್ಗೇ ಅಂತ ಕೊಟ್ಟಿದ್ರೆ ಅವ್ರೆಸ್ರು ಯಾಕಾಕುಸ್ತಿದ್ರು?" ಎಂದರು ಅಕ್ಕ. "ಎಸ್ರಿರೋ ಪಾತ್ರೆ ಮಡಿಕ್ಕಳಕ್ಕಾದದಾ ಮೇಷ್ಟ್ರೇ? ಬ್ಯಾಸ್ಗೆ ರಜಾ ಮುಗುಸ್ಕಂಡು ಅವ್ರು ಬರ್ಲಿ, ವಾಪಸ್ ಕೊಡ್ಬೇಕು. ಬರೀ ಲೋಟ ಕೊಡಂಗೂ ಇಲ್ಲ. ಬೆಲ್ಲನೋ ಏನೋ ತುಂಬ್ಕೊಡ್ಬೇಕು."

ಪ್ರಿನ್ಸಿಪಾಲರ ಕೋಣೆಗೆ ವಾಪಸು ಬಂದು, ಬರೋ ಬತ್ತೀವಿ ಸಾರ್ ಎಂದೆ. ಅವರೇ ಹೇಳಿದರಾ ಎಂದು ಕೇಳಿದರು.

"ಇಲ್ಲ ಸಾರ್. ಲೋಟಕ್ಕೆ ಹೆಸರು ಹಾಕಿಸಿ ಊರಿಗೆ ಎರವಲು ಕೊಟ್ಟಿದ್ದಾರೆ."

ಪ್ರಿನ್ಸಿಪಾಲರು ವೀಸಾ ಪತ್ರ ಎಳೆದುಕೊಂಡು ಸಹಿ ಹಾಕಿ ಸೀಲು ಒತ್ತಿದರು. ಸೀಲು ಸ್ವಲ್ಪ ಓರೆಯಾಗಿ ಬಿದ್ದಿದೆ. ಅದೊಂದೇ ಈಗ ನನ್ನ ಚಿಂತೆ.